ಸಾರಿನಲ್ಲಿ ಬೆರೆಸಿದ್ದು

ಇದನ್ನು ಹೇಳಬೇಕಾದವಳು ಮಬ್ರೂಕಾ. ಅವಳು ಒಮ್ಮೆ ಏಳು ಜನರ ಎದುರಿಗೆ ಹೇಳಿಯೂ ಇದ್ದಾಳೆ. ಆದರೆ ಅವಳು ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿತ್ತು. ಬೇಕೆಂದೇ ಬಿಟ್ಟಿದ್ದಳು. ಆ ಅರ್ಧ ನನ್ನದು.

ನನ್ನ ಹೆಸರು ಸಾಸಿಯಾ. ಹಮ್ಮಾದಿ ನನ್ನ ತಮ್ಮ, ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಮಬ್ರೂಕಾ ಅವನ ಹೆಂಡತಿ, ನನ್ನನ್ನು ಗೌರವದಿಂದ ಲಲ್ಲಾ ಎನ್ನುತ್ತಾಳೆ. ನಮ್ಮದು ಕೆರ್ಕೆನ್ನಾ ದ್ವೀಪದ ಉತ್ತರದ ತುದಿಯಲ್ಲಿರುವ ಅತ್ತಾಯಾ. ಗಂಡ ತೀರಿಕೊಂಡ ಮೇಲೆ ನಾನು ತವರಿನ ಅಂಗಳದಲ್ಲೇ ಒಂದು ಕೋಣೆ ಕಟ್ಟಿಸಿಕೊಂಡೆ. ಅವರ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ನನ್ನ ಬಾಗಿಲು.

ನಮ್ಮ ಕಡೆ ಹೊಲಕ್ಕಿರುವ ಹಾಗೆ ಸಮುದ್ರಕ್ಕೂ ಪಾಲುಂಟು. ಮೊಣಕಾಲುದ್ದದ ನೀರಿನಲ್ಲಿ ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು ಬೇಲಿ ಕಟ್ಟುತ್ತೇವೆ. ನೀರು ಇಳಿಯುವಾಗ ಮೀನು ಬೇಲಿಯ ಗುಂಟ ಸಾಗಿ ತುದಿಯ ಬುಟ್ಟಿಗೆ ಬೀಳುತ್ತದೆ. ಅಪ್ಪನಿಂದ ಬಂದ ಪಾಲಿನಲ್ಲಿ ಹಮ್ಮಾದಿ ಕಟ್ಟುತ್ತಿದ್ದ ಬೇಲಿ ನೋಡಲು ಪಕ್ಕದೂರಿನವರೂ ಬರುತ್ತಿದ್ದರು. ಗರಿಯ ಗಂಟು ಅವನ ಬೆರಳಲ್ಲಿ ಎಷ್ಟು ಬೇಗ ಬೀಳುತ್ತಿತ್ತೆಂದರೆ, ಎಲ್ಲಿ ಸುತ್ತಿದ ಎಲ್ಲಿ ಎಳೆದ ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ.

ಅವನಿಗೆ ಕಾಯಿಲೆ ಶುರುವಾದದ್ದು ಮದುವೆಯಾದ ಎರಡನೇ ವರ್ಷ. ಮೊದಲು ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಒಂದು ದಿನ ಎದ್ದ. ಎದ್ದವನು ಕೂರಲೇ ಇಲ್ಲ. ಹನ್ನೊಂದು ದಿನ ಎಡೆಬಿಡದೆ ಮಾತಾಡಿದ. ಸಮುದ್ರದಾಚೆಯ ಪಟ್ಟಣ ಸ್ಫಾಕ್ಸ್‌ಗೆ ಈಜಿಯೇ ಹೋಗುತ್ತೇನೆಂದು ನೀರಿಗಿಳಿದವನನ್ನು ಯಾರದೋ ದೋಣಿಯವರು ಎತ್ತಿ ತಂದರು. ಅಮ್ಮ ದೃಷ್ಟಿಯಾಗಿದೆ ಎಂದು ಸಂತನ ಗೋರಿಗೆ ಹಸಿರು ಬಟ್ಟೆ ಹೊದಿಸಿದಳು. ಸ್ಫಾಕ್ಸ್‌ನ ಆಸ್ಪತ್ರೆಯ ಡಾಕ್ಟರು ಬೈಪೋಲಾರ್ ಎಂದು ಹೆಸರು ಹೇಳಿ ಲಿಥಿಯಂ ಗುಳಿಗೆ ಬರೆದುಕೊಟ್ಟರು. ಮಬ್ರೂಕಾಳ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಅವಳು ಅದನ್ನು ಉಬ್ಬರ, ಇಳಿತ ಎಂದೇ ಕರೆದಳು.

ಇಪ್ಪತ್ತೆರಡು ವರ್ಷ ಅವಳು ಆ ಉಬ್ಬರ ಇಳಿತಗಳನ್ನು ಕಾದಳು. ಅವನ ಮಾತಿನ ವೇಗ ಕೇಳಿಯೇ ಏನು ಬರುತ್ತಿದೆ ಎಂದು ಹೇಳುತ್ತಿದ್ದಳು. ಏರುವ ಕಾಲದಲ್ಲಿ ದೋಣಿಯ ಎಂಜಿನ್ ಶುರುಮಾಡುವ ಹಗ್ಗ ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಹೂಳುತ್ತಿದ್ದಳು. ಇಳಿಯುವ ಕಾಲದಲ್ಲಿ ಬಲೆ ಕೊಯ್ಯುವ ಚಾಕುಗಳನ್ನು ನನ್ನ ಕೋಣೆಗೆ ತಂದಿಡುತ್ತಿದ್ದಳು. ತವರೂರು ಗಾಬೆಸ್‌ನಲ್ಲಿ ಅವಳ ಅಮ್ಮ ಸತ್ತಾಗ ಮೂರನೇ ದಿನಕ್ಕೂ ನಿಲ್ಲದೆ ವಾಪಸು ಬಂದಳು. ಮಕ್ಕಳಾಗಲಿಲ್ಲ, ಅದೂ ಒಳ್ಳೆಯದೇ ಆಯಿತು ಎಂದು ಅವಳೇ ಹೇಳಿದ್ದು ಒಮ್ಮೆ ನನ್ನ ಕಿವಿಗೆ ಬಿತ್ತು. ಬಾವಿಯ ಹತ್ತಿರ, ಬ್ರೆಡ್ಡಿನ ಅಂಗಡಿಯ ಹತ್ತಿರ ಎಲ್ಲರೂ ಅವಳನ್ನು ಕೇಳುವುದು ಒಂದೇ: "ಹಮ್ಮಾದಿ ಹೇಗಿದ್ದಾನೆ?" ನೀನು ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ದಿನಾ ಕಿಟಕಿಯಲ್ಲಿ ಕಾಣುತ್ತಿದ್ದಳಲ್ಲ, ಕೇಳುವುದೇನು ಎಂದುಕೊಂಡಿದ್ದೆ.

ಆ ವರ್ಷ ರಂಜಾನ್ ಜೂನ್ ತಿಂಗಳಲ್ಲಿ ಬಂತು. ಅದಕ್ಕೆ ಎರಡು ತಿಂಗಳ ಮೊದಲೇ ಹಮ್ಮಾದಿ ಗುಳಿಗೆ ಬಿಟ್ಟಿದ್ದ.

"ಬಾಯೆಲ್ಲಾ ತುಕ್ಕಿನ ರುಚಿ, ಅಕ್ಕಾ," ಎಂದ ನನ್ನ ಹತ್ತಿರ. "ತಲೆ ಒಳಗೆ ಒದ್ದೆ ಹತ್ತಿ ತುಂಬಿದ ಹಾಗೆ. ಆರು ವರ್ಷದಿಂದ ನಂಗೇನೂ ಆಗಿಲ್ಲ. ಇನ್ನೂ ಯಾಕೆ ನುಂಗ್ಲಿ?"

"ನುಂಗ್ತಿರೋದಕ್ಕೇ ಏನೂ ಆಗಿಲ್ಲ, ಕತ್ತೆ," ಎಂದೆ.

ನಕ್ಕ. ಅವನು ನಕ್ಕರೆ ಸಿಟ್ಟು ಮಾಡುವುದು ಕಷ್ಟ. ಏರತೊಡಗಿದಾಗ ಅವನಷ್ಟು ಚೆಂದದ ಮನುಷ್ಯ ದ್ವೀಪದಲ್ಲೇ ಇರುತ್ತಿರಲಿಲ್ಲ. ಕಾಫಿ ಅಂಗಡಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಮಬ್ರೂಕಾಳಿಗೆ ಮಲ್ಲಿಗೆ ಮೊಗ್ಗಿನ ಗೊಂಚಲು ತಂದು ಕಿವಿಯ ಮೇಲೆ ಸಿಕ್ಕಿಸುತ್ತಿದ್ದ. ಅವಳು ತೆಗೆದು ಲೋಟದಲ್ಲಿಡುತ್ತಿದ್ದಳು. ಮುಂದಿನದು ಅವಳಿಗೆ ಗೊತ್ತಿತ್ತು.

ಏಪ್ರಿಲ್ ಕೊನೆಗೆ ಅವನು ಹೊಸ ಬೇಲಿ ಶುರುಮಾಡಿದ. ಅದು ಬೇಲಿ ಕಟ್ಟುವ ಕಾಲವಲ್ಲ, ಇನ್ನು ಸ್ವಲ್ಪ ದಿನಕ್ಕೆ ಇದ್ದದ್ದನ್ನೇ ಕೀಳುವ ಕಾಲ. ಅವನು ಬೆಳಗಾಗುವುದಕ್ಕೆ ಮೊದಲೇ ನೀರಿಗಿಳಿದು, ಕಂಡವರ ತೋಟದಿಂದ ಗರಿ ಕಡಿದು ತಂದು ನೆಡುತ್ತಾ ಹೋದ. ಬೇಲಿ ನಮ್ಮ ಪಾಲು ದಾಟಿ ಹಾಜಿ ಮಹ್ರೆಜ್‌ರ ಪಾಲಿಗೆ ನುಗ್ಗಿತು. ಮಹ್ರೆಜ್ ಅಪ್ಪನ ಕಾಲದಿಂದಲೂ ನಮ್ಮ ನೆರೆಯವರು, ಕೋಪಿಷ್ಠರಲ್ಲ. ಅವರೇ ಬಂದು ಅಂಗಳದಲ್ಲಿ ನಿಂತರು.

"ಮಗಾ, ಇದೇನು ನಿನ್ನ ಬೇಲಿ ನನ್ನ ಮನೆ ಬಾಗಿಲಿಗೇ ಬಂತಲ್ಲ?"

"ಹಾಜಿ, ಇದು ನಿಮ್ಮ ಮನೆ ಬಾಗಿಲಿಗಲ್ಲ, ಲಿಬಿಯಾಕ್ಕೆ ಹೋಗ್ತಿದೆ," ಎಂದ ಹಮ್ಮಾದಿ. "ಮೆಡಿಟರೇನಿಯನ್ನಿನ ಮೀನೆಲ್ಲಾ ಒಂದೇ ಬುಟ್ಟಿಗೆ. ನಿಮಗೂ ಪಾಲು ಕೊಡ್ತೀನಿ, ಹೆದರಬೇಡಿ."

"ನನ್ನ ಸಮುದ್ರದಲ್ಲಿ ನಂಗೇ ಪಾಲು ಕೊಡ್ತೀಯಾ? ದೊಡ್ಡ ಮನಸ್ಸು ನಿಂದು."

ಮಾರನೆಯ ದಿನ ಮಹ್ರೆಜ್‌ರ ಮಕ್ಕಳು ಗರಿಗಳನ್ನು ಕಿತ್ತು ದಡಕ್ಕೆ ಎಸೆದರು. ಹಮ್ಮಾದಿ ಗೂಟ ಹೊಡೆಯುವ ಕೊಡತಿ ಹಿಡಿದು ಅವರ ಮನೆಗೆ ಹೋದ. ಬಾಗಿಲು ಒಡೆದ, ಅಡ್ಡ ಬಂದ ಕಿರಿಯ ಮಗನ ಭುಜಕ್ಕೆ ಪೆಟ್ಟಾಯಿತು. ಪೊಲೀಸರು ಬಂದರು. ಮಬ್ರೂಕಾ ಬೀದಿಯಲ್ಲೇ ಮಹ್ರೆಜ್‌ರ ಕೈಹಿಡಿದು, ತಲೆಯ ಬಟ್ಟೆ ಜಾರಿದ್ದೂ ತಿಳಿಯದೆ ಬೇಡಿಕೊಂಡಳು. ಅವರು ದೂರು ವಾಪಸು ತೆಗೆದುಕೊಂಡರು. "ಇನ್ನೊಂದು ಸಲ ಆದ್ರೆ ನನ್ನ ಮಾತು ನನ್ನ ಮಕ್ಕಳೇ ಕೇಳಲ್ಲ ತಾಯಿ," ಎಂದರು.

ಅಂದು ಸಂಜೆ ಮಬ್ರೂಕಾ ನನ್ನ ಕೋಣೆಗೆ ಬಂದು ಕುಳಿತಳು. ಅವಳ ಮಣಿಕಟ್ಟು ಊದಿತ್ತು. ಹಮ್ಮಾದಿಯನ್ನು ಹಿಡಿದೆಳೆಯುವಾಗ ಆದದ್ದು.

"ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ. ಗುಳಿಗೆ ಕೊಟ್ರೆ ಉಗೀತಾನೆ. ನಾನೇನ್ ಮಾಡ್ಲಿ ಲಲ್ಲಾ, ನೀವೇ ಹೇಳಿ."

ನಾನು ಹೇಳಿದೆ. ಯೋಚಿಸಿ ಹೇಳಿದ್ದೂ ಅಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ, ತಲೆ ಎತ್ತದೆ ಹೇಳಿದೆ: "ಸಾರಿನಲ್ಲಿ ಹಾಕು. ಜೀರಿಗೆ ಖಾರ ಮುಂದು ಮಾಡಿದ್ರೆ ಯಾವ ರುಚಿ ತಿಳಿಯುತ್ತೆ?"

ಅವಳು ಊದಿದ ಮಣಿಕಟ್ಟು ನೀವಿಕೊಂಡಳು. "ಅವನು ನನ್ನ ಕೈಯಡುಗೆ ಕಣ್ಣು ಮುಚ್ಚಿ ತಿಂತಾನೆ," ಎಂದಳು.

"ಅದಕ್ಕೇ ಹೇಳ್ತಿರೋದು," ಎಂದೆ.

ರಂಜಾನ್ ಶುರುವಾಯಿತು. ಕಾಯಿಲೆಯವನು ಉಪವಾಸ ಹಿಡಿಯಬೇಕಿಲ್ಲ, ಡಾಕ್ಟರೂ ಬೇಡವೆಂದೇ ಹೇಳಿದ್ದರು. ಹಮ್ಮಾದಿ ಕೇಳಲಿಲ್ಲ. ಹಗಲೆಲ್ಲ ಹನಿ ನೀರಿಲ್ಲದೆ ಉರಿಬಿಸಿಲಿನಲ್ಲಿ ನಿಂತು ಗರಿ ನೆಡುತ್ತಿದ್ದ. ಈಗ ನಮ್ಮ ಪಾಲಿನೊಳಗೇ, ಸುತ್ತು ಸುತ್ತಾಗಿ. ಸಂಜೆ ಬಾಂಗ್ ಆದ ಕೂಡಲೇ ಬಂದು ಎರಡು ಬಟ್ಟಲು ಬಾರ್ಲಿ ಮೀನು ಸಾರು ಕುಡಿಯುತ್ತಿದ್ದ. ಬೆಳಿಗ್ಗೆ ಒಂದು ಸಂಜೆ ಒಂದು ಕೊಡಬೇಕಾದ ಗುಳಿಗೆಯನ್ನು ಮಬ್ರೂಕಾ ಒರಳಲ್ಲಿ ಕುಟ್ಟಿ ಆ ಒಂದೇ ಹೊತ್ತಿನ ಸಾರಿಗೆ ಹಾಕುತ್ತಿದ್ದಳು. ಕುಟ್ಟುವಾಗ ಸದ್ದು ಕೇಳದಿರಲೆಂದು ನಾನು ಅಂಗಳದಲ್ಲಿ ರೇಡಿಯೋ ಹಚ್ಚುತ್ತಿದ್ದೆ.

ಒಂದು ವಾರವಾದರೂ ಅವನು ಇಳಿಯಲಿಲ್ಲ. ಮಬ್ರೂಕಾ ಬಂದು ಮೆಲ್ಲಗೆ, "ಲಲ್ಲಾ, ನಾಟ್ತಿಲ್ಲ," ಎಂದಳು.

"ಎರಡಕ್ಕೆ ನಾಟದಿದ್ರೆ ನಾಲ್ಕು ಹಾಕು," ಎಂದೆ.

ಈ ಮಾತನ್ನು ನಾನು ಎಷ್ಟೋ ಸಲ ಬಾಯೊಳಗೇ ಆಡಿ ನೋಡಿದ್ದೇನೆ. ಬೇರೆ ಯಾವ ಅರ್ಥವೂ ಅದಕ್ಕೆ ಹೊರಡುವುದಿಲ್ಲ.

ನಾಲ್ಕು ಹಾಕಿದ ಐದನೆಯ ದಿನ ಅವನು ಸುಮ್ಮನಾದ. ಮಾತು ಕಡಿಮೆಯಾಯಿತು, ಮಧ್ಯಾಹ್ನ ಮಲಗಿದ. ನಾನೂ ಮಬ್ರೂಕಾಳೂ ಕಿಟಕಿಯಾಚೆ ಈಚೆ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವಳು ಆ ದಿನ ಎಳ್ಳು ಬೆಲ್ಲದ ಸಿಹಿ ಮಾಡಿ ಮಹ್ರೆಜ್‌ರ ಮನೆಗೂ ಕೊಟ್ಟು ಬಂದಳು.

ಮತ್ತೆರಡು ದಿನಕ್ಕೆ ಅವನ ಕೈ ನಡುಗತೊಡಗಿತು. ಸಾರಿನ ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಉಪವಾಸದ ನಿತ್ರಾಣ ಎಂದುಕೊಂಡೆವು. ಮಾರನೆಯ ದಿನ ವಾಂತಿ ಶುರುವಾಯಿತು. ಮಸೀದಿಯಿಂದ ಬರುವಾಗ ಗೋಡೆ ಹಿಡಿದು ಹಿಡಿದು ಬಂದನಂತೆ. ಕಾಫಿ ಅಂಗಡಿಯ ಕಟ್ಟೆ ಮೇಲಿದ್ದವರು, "ಹಮ್ಮಾದಿ, ರಂಜಾನಿನಲ್ಲೂ ಏರಿಸಿದ್ದೀಯಲ್ಲೋ!" ಎಂದು ಕೂಗಿದರಂತೆ. ಅವನು ಉತ್ತರ ಕೊಡಲು ಹೋದ. ನಾಲಿಗೆ ಹೊರಳದೆ ಅವನ ಬಾಯಿಂದ ಏನೋ ಗೊರಗೊರ ಬಂತಂತೆ. ಆಗ ನಗು ನಿಂತಿತಂತೆ.

ನಮ್ಮೂರ ಸಣ್ಣ ಆಸ್ಪತ್ರೆಯಲ್ಲಿದ್ದದ್ದು ಹೊಸದಾಗಿ ಬಂದ ಒಬ್ಬ ಹುಡುಗಿ ಡಾಕ್ಟರು. ಬೆಂಚಿನ ಮೇಲೆ ಮಲಗಿಸಿ, ಕಣ್ಣು ಬಿಡಿಸಿ ನೋಡಿ, ನಮ್ಮಿಬ್ಬರನ್ನೂ ಕೇಳಿದರು: "ಯಾವ್ದಾದ್ರೂ ಗುಳಿಗೆ ತಗೊಳ್ತಿದ್ದಾರಾ?"

ಹಮ್ಮಾದಿಯ ಕಣ್ಣು ಅರೆ ತೆರೆದಿತ್ತು. ಅವನಿಗೆ ಕೇಳಿಸುತ್ತಿತ್ತು. ಮಬ್ರೂಕಾ ನನ್ನ ಮುಖ ನೋಡಿದಳು.

"ಇಲ್ಲ ಡಾಕ್ಟ್ರೇ," ಎಂದೆ ನಾನು. "ಬಿಟ್ಟು ಎರಡು ತಿಂಗಳ ಮೇಲಾಯ್ತು."

ಬಿಸಿಲಿನ ಹೊಡೆತ ಇರಬೇಕೆಂದು ಒಂದು ಬಾಟಲಿ ಹಾಕಿ, ಉಪವಾಸ ಬಿಡಿಸಿ ಎಂದು ಕಟ್ಟಾಗಿ ಹೇಳಿ ಕಳಿಸಿದರು. ಹಾಗೆ ಒಂದಿಡೀ ದಿನ ಹೋಯಿತು. ಮರುದಿನ ಬೆಳಿಗ್ಗೆ ಅವನಿಗೆ ನಮ್ಮ ಗುರುತೇ ಸಿಗಲಿಲ್ಲ. ಕಾಲು ಸೆಟೆಯುತ್ತಿತ್ತು. ಆಂಬುಲೆನ್ಸ್ ದಕ್ಷಿಣದ ಬಂದರಿಗೆ ತಲುಪಿದಾಗ ಗಾಳಿ ಎದ್ದು, ಆಚೆ ದಡಕ್ಕೆ ದಾಟಿಸುವ ಹಡಗು ಹೊರಡದೆ ನಿಂತಿತ್ತು. ಎರಡು ಗಂಟೆ ಅಲ್ಲಿ, ಬಿಸಿಲಲ್ಲಿ, ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದಿಟ್ಟು ಕಾದೆವು. ಮಬ್ರೂಕಾ ಅವನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಾ ಇದ್ದಳು. ಇದ್ದಕ್ಕಿದ್ದಂತೆ ಇಳಿದು ಚಾಲಕನ ಹತ್ತಿರ ಹೋದಳು.

"ಆಸ್ಪತ್ರೆಗೆ ಫೋನ್ ಮಾಡಿ ಅಣ್ಣಾ," ಎಂದಳು. "ಅವನ ಹೊಟ್ಟೆಯಲ್ಲಿ ಲಿಥಿಯಂ ಇದೆ ಅಂತ ಹೇಳಿ. ದಿನಕ್ಕೆ ನಾಲ್ಕು. ನಾನೇ ಸಾರಿನಲ್ಲಿ ಹಾಕ್ತಿದ್ದೆ. ಅವನಿಗೆ ಗೊತ್ತಿಲ್ಲ. ನಾನೇ."

'ನಾವು' ಎನ್ನಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ. ನಾನೂ ಅನ್ನಲಿಲ್ಲ.

ಸ್ಫಾಕ್ಸ್‌ನಲ್ಲಿ ಎರಡು ಸಲ ಡಯಾಲಿಸಿಸ್ ಮಾಡಿ ಅವನ ರಕ್ತ ತೊಳೆದರು. ನೀರು, ಉಪ್ಪು ಕಡಿಮೆಯಾದ ಮೈಯಲ್ಲಿ ಲಿಥಿಯಂ ನಿಂತು ನಿಂತು ವಿಷವಾಗುತ್ತದೆ, ಕುಟ್ಟಿ ಪುಡಿ ಮಾಡಿದರೆ ಇನ್ನೂ ಬೇಗ ಏರುತ್ತದೆ, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು ಎಂದು ಡಾಕ್ಟರು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆರನೆಯ ದಿನ ಅವನಿಗೆ ಗುರುತು ಮರಳಿತು. ಜೀವ ಉಳಿಯಿತು. ಕೈನಡುಕ ನಿಲ್ಲಲಿಲ್ಲ, ನಾಲಿಗೆಯ ತೊದಲು, ನಡಿಗೆಯ ತೂರಾಟ ಉಳಿದುಕೊಂಡವು. ಕಾಲ ಕಳೆದಂತೆ ಸ್ವಲ್ಪ ಕಡಿಮೆಯಾಗಬಹುದು, ಆಗದೆಯೂ ಇರಬಹುದು ಎಂದರು.

ಆ ಆರು ದಿನ ಮಬ್ರೂಕಾ ವಾರ್ಡಿನ ಹೊರಗೆ ಗೋಡೆಗೊರಗಿ ಕುಳಿತಿದ್ದಳು. ಮನೋರೋಗ ವಿಭಾಗದಿಂದ ಹಮ್ಮಾದಿಯನ್ನು ನೋಡಲು ದಲೀಲಾ ಎಂಬ ನರ್ಸು ದಿನಾ ಬರುತ್ತಿದ್ದಳು. ನಲವತ್ತರ ಹೆಂಗಸು, ದಪ್ಪ ಕನ್ನಡಕ, ಗಡಸು ದನಿ. ನಾಲ್ಕನೆಯ ದಿನ ಅವಳು ಹಾದುಹೋಗುವವಳು ನಿಂತು, ಮಬ್ರೂಕಾಳ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ನಿನ್ನ ಕೈಗೆ ಏನಾಗಿದೆ?"

ಆಗಲೂ ಆ ಮಣಿಕಟ್ಟು ಊದಿಯೇ ಇತ್ತು. ಎರಡು ತಿಂಗಳು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಏನಿಲ್ಲ."

"ಏನಿಲ್ಲದ್ದು ಇಷ್ಟು ಊದಲ್ಲ. ಎದ್ದೇಳು, ಎಕ್ಸ್‌ರೇ ತೆಗೆಸೋಣ."

ಮೂಳೆ ಬಿರುಕುಬಿಟ್ಟಿತ್ತು. ಪಟ್ಟಿ ಕಟ್ಟಿಸಿ ಕರೆತಂದ ದಲೀಲಾ, "ರಂಜಾನ್ ಮುಗಿದ ಮೇಲೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಕಟ್ಟಡದಲ್ಲಿ ಮನೆಯವರೆಲ್ಲ ಸೇರ್ತಾರೆ. ರೋಗಿಗಳಲ್ಲ, ಅವರನ್ನ ನೋಡ್ಕೊಳ್ಳೋರು. ಬಾ," ಎಂದಳು.

"ಗಂಡನಿಗೆ ವಿಷ ಹಾಕಿದವಳಿಗೆ ಅಲ್ಲೇನು ಕೆಲಸ, ತಂಗಿ?"

"ಅಲ್ಲಿ ಬರೋರಲ್ಲಿ ದೇವದೂತರು ಯಾರೂ ಇಲ್ಲ," ಎಂದಳು ದಲೀಲಾ. "ಬಂದ್ರೆ ಕಾಫಿ ಅಂತೂ ಇರುತ್ತೆ. ಕೆಟ್ಟ ಕಾಫಿ."

ನಾವಿಬ್ಬರೂ ಹೋದೆವು. ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಗೆ ಹಳೆಯ ದಿನಪತ್ರಿಕೆ ಅಂಟಿಸಿದ ಕೋಣೆ. ರಂಜಾನ್ ಮುಗಿದಿತ್ತು, ಕಾಫಿ ಇತ್ತು, ಹೇಳಿದಷ್ಟೇ ಕೆಟ್ಟದಾಗಿತ್ತು. ಏಳು ಜನ. ಅವರಲ್ಲಿ ಹಿರಿಯರು ಸಿ ಅಝೂಝ್ ಎಂಬ ನಿವೃತ್ತ ಮೇಷ್ಟ್ರು. ಮಗಳಿಗೆ ಇದೇ ಕಾಯಿಲೆ. ಬಿಸಿಲಿನಲ್ಲೂ ಕೋಟು ಹಾಕಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಒಬ್ಬೊಬ್ಬರೂ ಹೇಳಿದರು. ಒಬ್ಬ ತಾಯಿ ಮಗ ಸುಮ್ಮನಿದ್ದರೂ ಭಯ, ನಕ್ಕರೂ ಭಯ ಎಂದಳು. ಒಬ್ಬ ಗಂಡ ತನ್ನ ಸರದಿ ಬಂದಾಗ ಹೊರಗೆ ಹೋಗಿ ಸಿಗರೇಟು ಸೇದಿ ಬಂದ.

ಮಬ್ರೂಕಾಳ ಸರದಿ ಬಂತು. ತಲೆ ತಗ್ಗಿಸಿಕೊಂಡೇ ಹೇಳಿದಳು. ಬೇಲಿ, ಕೊಡತಿ, ಒರಳು, ಸಾರು. "ಅವನು ನನ್ನ ಕೈಯಡುಗೆ ಕಣ್ಣು ಮುಚ್ಚಿ ತಿಂತಿದ್ದ. ನಾನು ಬಟ್ಟಲು ಕೊಡ್ವಾಗ 'ಬಿಸ್ಮಿಲ್ಲಾ' ಅಂತಿದ್ದೆ. ದೇವರ ಹೆಸರು ಹೇಳಿ ಕೊಡ್ತಿದ್ದೆ." ಅಲ್ಲಿಗೆ ನಿಲ್ಲಿಸಿದಳು.

ಸಿ ಅಝೂಝ್ ಟೋಪಿ ತಿರುಗಿಸುತ್ತಾ ಹೇಳಿದರು: "ನಾನು ನನ್ನ ಮಗಳ ಕೋಣೆಗೆ ಹೊರಗಿಂದ ಚಿಲಕ ಹಾಕಿಸಿದೆ. ಮೂರು ವರ್ಷ. ಶಾಲೆಗೆ ಹೋಗುವಾಗ ಹಾಕಿ, ಬಂದು ತೆಗೀತಿದ್ದೆ. ಅಲ್ಲಿ ಹೋಗಿ ನಲವತ್ತು ಮಕ್ಕಳಿಗೆ ನೀತಿಪಾಠ ಹೇಳ್ತಿದ್ದೆ. ಇವತ್ತಿಗೂ ಅವಳು ಬಾಗಿಲು ಮುಚ್ಚಿ ಮಲಗಲ್ಲ. ನಿಮಗೆ ಸಮಾಧಾನ ಹೇಳೋಕೆ ಇದನ್ನ ಹೇಳ್ತಿಲ್ಲ, ತಾಯಿ. ನಂಗೇ ಸಮಾಧಾನ ಸಿಕ್ಕಿಲ್ಲ."

ದಲೀಲಾ ಮಬ್ರೂಕಾಳತ್ತ ಬಾಗಿದಳು. "ನೀನು ಮಾಡಿದ್ದು ತಪ್ಪು. ಅದನ್ನ ನಾನು ಸಣ್ಣದು ಮಾಡಿ ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ಆ ದಿನ ನೀನು ಒಬ್ಬಳೇ ಹೇಗೆ ಆದೆ? ನಿಂಗೆ ಯಾರೂ ಇರ್ಲಿಲ್ವಾ?"

ಮಬ್ರೂಕಾ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಯಾಕೆ ನಿಂತೆನೋ ತಿಳಿಯದು, ಅಲ್ಲಿ ಎಲ್ಲರೂ ಕೂತೇ ಮಾತಾಡುತ್ತಿದ್ದರು.

"ನಾನಿದ್ದೆ," ಎಂದೆ. "ಸಾರಿನಲ್ಲಿ ಹಾಕು ಅಂದವಳು ನಾನು. ನಾಲ್ಕು ಹಾಕು ಅಂದವಳೂ ನಾನು. ಡಾಕ್ಟ್ರಿಗೆ ಸುಳ್ಳು ಹೇಳಿದವಳೂ ನಾನೇ."

ಮಬ್ರೂಕಾ ನನ್ನ ಸೆರಗಿನ ತುದಿ ಹಿಡಿದೆಳೆದಳು. "ಕೂತ್ಕೊಳ್ಳಿ ಲಲ್ಲಾ, ಸಾಕು." ಅವಳ ಮುಖದಲ್ಲಿದ್ದದ್ದು ಕೃತಜ್ಞತೆಯಲ್ಲ, ಸಿಟ್ಟೂ ಅಲ್ಲ. ಬಹಳ ದಣಿದವರು ಯಾರಾದರೂ ಬಂದು ಹೊರೆಯ ಇನ್ನೊಂದು ತುದಿ ಹಿಡಿದಾಗ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ನೋಡುತ್ತಾರಲ್ಲ, ಹಾಗೆ ನೋಡಿದಳು.

ಅವನಿಗೆ ಹೇಳಬೇಕು ಎಂದು ಅವಳೇ ನಿರ್ಧರಿಸಿದಳು. ಆಸ್ಪತ್ರೆಯವರು ಗುಳಿಗೆ ಹೆಚ್ಚಾಗಿತ್ತು ಎಂದಷ್ಟೇ ಹೇಳಿದ್ದರು. ತಲೆಯ ಮಂಪರಿನಲ್ಲಿ ಅವನು ಹೇಗೆಂದು ಕೇಳಿರಲಿಲ್ಲ. ಸರಿಯಾದ ಹೊತ್ತು ನೋಡಿ ಹೇಳು, ನಾನೂ ಬರುತ್ತೇನೆ ಎಂದಿದ್ದಳು ದಲೀಲಾ. ಮಬ್ರೂಕಾ ಬೇಡವೆಂದಳು. "ನಾನು ಹಾಕಿದ್ದು ಮನೆಯಲ್ಲಿ. ಹೇಳೋದೂ ಮನೆಯಲ್ಲೇ."

ಜುಲೈ ಕೊನೆಯ ಒಂದು ಬೆಳಿಗ್ಗೆ. ಹಮ್ಮಾದಿ ಅಂಗಳದ ಅಂಜೂರದ ಕೆಳಗೆ ಗರಿಗಳನ್ನು ಹರಡಿಕೊಂಡು ಗಂಟು ಹಾಕಲು ನೋಡುತ್ತಿದ್ದ. ಬೆರಳುಗಳು ಒಂದನ್ನೊಂದು ತಪ್ಪಿಸಿಕೊಂಡು ಓಡುತ್ತಿದ್ದವು. ಮಬ್ರೂಕಾ ನೆಲದ ಮೇಲೆ ಅವನ ಎದುರು ಕುಳಿತು ಹೇಳಿದಳು. ನಾನು ಬಾಗಿಲಲ್ಲಿ ನಿಂತು ನನ್ನ ಪಾಲು ಹೇಳಿದೆ. ಅವನು ಗರಿ ಕೆಳಗಿಡಲಿಲ್ಲ.

ತೊದಲುತ್ತಾ ಕೇಳಿದ: "ದಿನಾ?"

"ದಿನಾ," ಎಂದಳು ಮಬ್ರೂಕಾ.

"ನಾನು ಸಾರು ಚೆನ್ನಾಗಿದೆ ಅಂತಿದ್ದೆ."

"ಹೂಂ."

"ನಂಗೆ ಮದ್ದು ಹಾಕಿದ್ರಿ," ಎಂದ. ನಮ್ಮ ಕಡೆ ಹೆಂಗಸರು ಗಂಡಸರಿಗೆ ಮದ್ದು ಹಾಕುವ ಕಥೆಗಳಿಗೆ ಲೆಕ್ಕವಿಲ್ಲ. ಅವನು ಅವನ್ನೆಲ್ಲ ನಗುತ್ತಾ ಹೇಳುತ್ತಿದ್ದವನು. ಈಗ ನಗಲಿಲ್ಲ. "ಊರಿನವರೆಲ್ಲಾ ನನ್ನ ಹುಚ್ಚ ಅಂತಾರೆ. ನೀವಿಬ್ರೂ ಏನಿದ್ರೂ ನನ್ನ ಮುಖಕ್ಕೇ ಹೇಳ್ತೀರಿ ಅಂದ್ಕೊಂಡಿದ್ದೆ. ಮುಖಕ್ಕೆ ಬೈಯಿರಿ, ಹೊಡೀರಿ, ಕಟ್ಟಿಹಾಕಿ. ಬೆನ್ನ ಹಿಂದೆ ಯಾಕೆ, ಅಕ್ಕಾ?"

ಹೆದರಿದ್ದೆವು ಎನ್ನಬಹುದಿತ್ತು. ಅವನ ತೊಡೆಯ ಮೇಲೆ ಕುಣಿಯುತ್ತಿದ್ದ ಕೈಗಳನ್ನು ನೋಡುತ್ತಾ ಅದನ್ನು ಹೇಳಲಾಗಲಿಲ್ಲ.

ಅಂದಿನಿಂದ ಅವನು ಮಬ್ರೂಕಾಳ ಕೈಯಡುಗೆ ಮುಟ್ಟಲಿಲ್ಲ. ಅಂಗಡಿಯಿಂದ ಬ್ರೆಡ್ಡು ತಂದು, ಮೊಟ್ಟೆಯನ್ನು ತಾನೇ ಬೇಯಿಸಿ, ನಡುಗುವ ಕೈಯಲ್ಲಿ ಸುಲಿದು ತಿನ್ನುತ್ತಿದ್ದ. ಮೀನುಗಾರನ ಮಗನಾಗಿ ಅವನು ಡಬ್ಬಿಯ ಸಾರ್ಡೀನು ತಿಂದ. ಡಬ್ಬಿ ತೆರೆಯಲು ಆಗದೆ ಒಮ್ಮೆ ಬೆರಳು ಕುಯ್ದುಕೊಂಡ. ಅದನ್ನೂ ಮಬ್ರೂಕಾಳಿಂದ ಕಟ್ಟಿಸಿಕೊಳ್ಳಲಿಲ್ಲ, ಮಹ್ರೆಜ್‌ರ ಮನೆಗೆ ಹೋಗಿ ಕಟ್ಟಿಸಿಕೊಂಡು ಬಂದ. ಅವಳು ಇಬ್ಬರಿಗೆ ಅಡುಗೆ ಮಾಡಿ ಒಬ್ಬಳೇ ಕೂತು ಉಣ್ಣುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಇಬ್ಬರಿಗೆ ಯಾಕೆ ಮಾಡುತ್ತೀ ಎಂದು ಕೇಳುವ ಧೈರ್ಯವಾಗಲಿಲ್ಲ.

ಹೊಸ ಗುಳಿಗೆ ಕೊಟ್ಟಿದ್ದರು, ಲಿಥಿಯಂ ಅಲ್ಲ. ಅದನ್ನು ಮಾತ್ರ ಅವನು ದಿನಾ ಬೆಳಿಗ್ಗೆ ಅಂಗಳದ ನಡುವೆ ನಿಂತು, ಎಲ್ಲರಿಗೂ ಕಾಣುವ ಹಾಗೆ ನುಂಗುತ್ತಿದ್ದ. ಇನ್ನು ನನಗೆ ಕದ್ದು ಕೊಡುವುದೇನೂ ಬೇಕಿಲ್ಲ ಎನ್ನುವ ಹಾಗೆ.

ಚಳಿಗಾಲದಲ್ಲಿ ಇಳಿತ ಬಂತು. ಇಷ್ಟು ಆಳದ ಇಳಿತವನ್ನು ನಾನು ಕಂಡಿರಲಿಲ್ಲ. ಮೊಟ್ಟೆಯೂ ಬೇಡವಾಯಿತು. ಮಬ್ರೂಕಾ ಬಟ್ಟಲನ್ನು ಅವನ ಹಾಸಿಗೆಯ ಪಕ್ಕ ಇಟ್ಟು, ಅವನ ಎದುರೇ ಅದರಿಂದ ಎರಡು ತುತ್ತು ತಾನು ತಿಂದು ಎದ್ದುಬರುತ್ತಿದ್ದಳು. ಒಂದು ದಿನ ಬಟ್ಟಲು ಅರ್ಧ ಖಾಲಿಯಾಗಿತ್ತು. ಅವಳು ಅದನ್ನು ನನಗೆ ತೋರಿಸಲು ತಂದಳು. ಆಮೇಲೆ ತೊಳೆದಿಟ್ಟಳು.

ಹದಿನೈದು ದಿನಕ್ಕೊಮ್ಮೆ ಗುರುವಾರ ಅವಳು ಹಡಗು ಹತ್ತಿ ಸ್ಫಾಕ್ಸ್‌ಗೆ ಹೋಗುತ್ತಿದ್ದಳು. ಆ ದಿನ ಮನೆ ನನ್ನ ಪಾಲಿಗೆ. ನಾನು ಅವನ ಬಾಗಿಲ ಹೊರಗೆ ಕೂತು ಬಲೆ ಹೆಣೆಯುತ್ತಿದ್ದೆ. ಅವನು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಮೊದಲ ತಿಂಗಳು ಬಾಗಿಲು ಹಾಕಿಕೊಳ್ಳುತ್ತಿದ್ದ, ಆಮೇಲೆ ಹಾಕಿಕೊಳ್ಳುವುದನ್ನು ಬಿಟ್ಟ. ಅಷ್ಟೇ. ಮಬ್ರೂಕಾ ಸಂಜೆಯ ಹಡಗಿಗೆ ಮರಳುವಾಗ ಮುಖ ಕೊಂಚ ಹಗುರವಾಗಿರುತ್ತಿತ್ತು. "ಇವತ್ತು ಸಿ ಅಝೂಝ್ ಮೇಷ್ಟ್ರ ಜೊತೆ ಜಗಳ ಆಡ್ದೆ ಲಲ್ಲಾ," ಎಂದು ಒಮ್ಮೆ ಹೇಳಿದಳು. ಅವಳು ಯಾರ ಜೊತೆಗಾದರೂ ಜಗಳ ಆಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಅವನು ಸಮಕ್ಕೆ ಬಂದ. ಆಗ ಒಂದು ಕಾಗದ ಬರೆಯುವುದು ದಲೀಲಾಳ ಸಲಹೆ. ಚೆನ್ನಾಗಿರುವಾಗಲೇ ಅವನ ಬಾಯಿಂದ ಕೇಳಿ ಬರೆದುಕೊಳ್ಳಿ, ಮತ್ತೆ ಏರಿದರೆ ಏನು ಮಾಡಬೇಕು ಎಂದು. ಅವನು ಹೇಳಿದ, ಮಬ್ರೂಕಾ ಬರೆದಳು. ಮೂರು ರಾತ್ರಿ ನಿದ್ದೆ ಬಿಟ್ಟರೆ ದಲೀಲಾಳಿಗೆ ಫೋನ್ ಮಾಡಿ. ದೋಣಿ ಮಹ್ರೆಜ್‌ರ ಮನೆಯಲ್ಲಿಡಿ. ಪೊಲೀಸರನ್ನು ಕರೆಯಬೇಡಿ, ಮಹ್ರೆಜ್‌ರನ್ನು ಕರೆಯಿರಿ. ನಾನು ಬರಲ್ಲ ಅಂದರೆ ಈ ಕಾಗದ ತೋರಿಸಿ. ಕೊನೆಯ ಸಾಲನ್ನು ಅವನೇ ಪೆನ್ನು ಕಿತ್ತುಕೊಂಡು ಬರೆದ. ಅಕ್ಷರಗಳು ಗಾಳಿಗೆ ಸಿಕ್ಕ ಗರಿಗಳ ಹಾಗೆ ಒಂದೊಂದು ಒಂದೊಂದು ಕಡೆ ವಾಲಿದ್ದವು: ಊಟದಲ್ಲಿ ಏನೂ ಹಾಕಬೇಡಿ.

ಕಾಗದಕ್ಕೆ ಕೆಲಸ ಬಂದದ್ದು ಏಪ್ರಿಲ್‌ನಲ್ಲಿ. ಮೂರನೆಯ ಬೆಳಿಗ್ಗೆ ಮಬ್ರೂಕಾ ಫೋನ್ ಮಾಡಿದಳು. ಮಹ್ರೆಜ್ ತಮ್ಮ ಹಳೆಯ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಹಮ್ಮಾದಿ ಬರುವುದಿಲ್ಲವೆಂದು ಕಿರುಚಿದ, ತಟ್ಟೆಗಳನ್ನು ಒಡೆದ. ಅವಳು ಕಾಗದ ಬಿಚ್ಚಿ ಹಿಡಿದು ಸುಮ್ಮನೆ ನಿಂತಳು. ಅವನು ಓದಿದ, ತನ್ನ ಕೈಬರಹವನ್ನು ದಿಟ್ಟಿಸಿದ, ನಮ್ಮ ವಂಶವನ್ನೆಲ್ಲ ಬೈಯುತ್ತಾ ಹೋಗಿ ವ್ಯಾನಿನಲ್ಲಿ ಕುಳಿತ.

"ನಾನೂ ನಿನ್ನ ಅಪ್ಪನ ಗೆಳೆಯ ಕಣೋ, ನನ್ನೂ ಸೇರಿಸಿ ಬೈತಿದ್ದೀಯಾ?" ಎಂದರು ಮಹ್ರೆಜ್.

"ಬೇಲಿ ಕಿತ್ತದ್ದಕ್ಕೆ ನಿಮಗೆ ಬೇರೆ ಇದೆ, ಹಾಜಿ," ಎಂದ.

ಹಡಗಿನಲ್ಲಿ ಅವನು ಆಚೆ ಕಂಬಿಗೊರಗಿ ನಿಂತು ಪರಿಚಯವಿಲ್ಲದವರಿಗೆಲ್ಲ ಮೀನಿನ ಕಥೆ ಹೇಳಿದ. ನಡುವೆ ಒಮ್ಮೆ ಬಂದು ಮಬ್ರೂಕಾಳ ಚೀಲದಿಂದ ಅವಳು ಮಾಡಿ ತಂದಿದ್ದ ರೊಟ್ಟಿಯ ತುಂಡನ್ನು ಮುರಿದುಕೊಂಡು, ಅದನ್ನು ಎರಡು ಸಲ ಮೂಸಿ ನೋಡಿ, ತಿಂದ. ಅವಳು ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಅವನು ಟೋಪಿ ತೆಗೆದು ಅವಳ ಕೈಗೆ ಕೊಟ್ಟ. "ನೀನು ಬಾ ನೋಡೋಕೆ," ಎಂದ ಅವಳಿಗೆ. ನನ್ನ ಕಡೆ ಬೆರಳು ತೋರಿಸಿದ. ಆ ಬೆರಳು ನಡುಗುತ್ತಿತ್ತು. "ಅವಳು ಬೇಡ."

"ಅಕ್ಕ ಕಣೋ ಅವರು," ಎಂದಳು ಮಬ್ರೂಕಾ.

"ಗೊತ್ತು. ಬೇಡ."

ಅವರು ಒಳಗೆ ಹೋದರು. ಅವಳು ಹತ್ತಿರದಲ್ಲಿ ಇದ್ದರೆ ಒಳ್ಳೆಯದೆಂದು ದಲೀಲಾ ಸ್ಫಾಕ್ಸ್‌ನಲ್ಲೇ ಸಿ ಅಝೂಝ್‌ರ ಮನೆಯಲ್ಲಿ ಮಬ್ರೂಕಾಳಿಗೆ ಒಂದು ಕೋಣೆ ಗೊತ್ತುಮಾಡಿದ್ದಳು. ನಾನು ಒಬ್ಬಳೇ ಬಂದರಿಗೆ ನಡೆದು ಮಧ್ಯಾಹ್ನದ ಹಡಗು ಹತ್ತಿದೆ. ಈಚೆಗೆ ಗುರುವಾರದ ಸಭೆಗೆ ನಾನೂ ಹೋಗುತ್ತೇನೆ. ಅವನು ಇರುವುದು ಮುಂದಿನ ಕಟ್ಟಡದಲ್ಲಿ, ನಾನು ಕೂರುವುದು ಹಿಂದಿನದರಲ್ಲಿ. ಮಬ್ರೂಕಾ ಅವನನ್ನು ನೋಡಿಕೊಂಡು ಬಂದು ನನ್ನ ಪಕ್ಕ ಕೂರುತ್ತಾಳೆ. ಅಕ್ಕ ಹೇಗಿದ್ದಾಳೆ ಎಂದು ಅವನು ಕೇಳಿದನೇ ಎಂದು ನಾನು ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ.